ಮೊದಲ ಎಲೆಗೆ ಮೊದಲೇ ಮಾತು

"ರಾಯರೇ, ರಾಜ ಹಾಕಿದ್ರಲ್ಲ, ಎಕ್ಕಾನೂ ನಿಮ್ಮತ್ರಾನೇ ಇದೆ ಅಂದ್ಕೊಂಡೆ."

"ಎಕ್ಕ ಎಲ್ಲಿಂದ ತರ್ಲಿ ಗೌಡ್ರೇ? ರಾಣಿ ಇತ್ತು, ರಾಜ ಹಾಕ್ದೆ. ಮಾಮೂಲಿ ತಾನೆ?"

ಈ 'ಮಾಮೂಲಿ'ಯಿಂದಲೇ ಎಲ್ಲ ಎಡವಟ್ಟು. ಆಡುತ್ತಿದ್ದದ್ದು ಬ್ರಿಜ್, ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟಾಟ. ಸ್ಟೇಮನ್, ಬ್ಲ್ಯಾಕ್‌ವುಡ್, ಟ್ರಾನ್ಸ್‌ಫರ್ ಎಂದು ಬಿಡ್ಡಿಂಗಿನ (ಎಷ್ಟು ಟ್ರಿಕ್, ಅಂದರೆ ಸುತ್ತು, ಗೆಲ್ಲುತ್ತೇವೆಂದು ಕೂಗುವುದು) ಪದ್ಧತಿಗಳಿಗೆ ನೋಟ್‌ಬುಕ್ ತುಂಬಿಸುವ ಜೋಡಿ, ಲೀಡ್, ಅಂದರೆ ಮೊದಲು ಹಾಕುವ ಎಲೆಯ, ವಿಷಯಕ್ಕೆ ಬಂದಾಗ 'ಮಾಮೂಲಿ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಇಬ್ಬರ ಮಾಮೂಲಿಯೂ ಒಂದೇ ಆಗಿರಬೇಕಲ್ಲ! ತುಮಕೂರಿನಂಥ ಊರಲ್ಲಿ ಒಬ್ಬರು ಹಳೇ ಕಾಲದ ರಬ್ಬರ್ ಬ್ರಿಜ್ ಆಡಿಕೊಂಡು ಬಂದಿರುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಕಲಿತಿರುತ್ತಾರೆ, ಮತ್ತೊಬ್ಬರು ಇಪ್ಪತ್ತೆಂಟು ಆಡಿ ಕೈ ಪಳಗಿಸಿಕೊಂಡವರು. ಇಪ್ಪತ್ತೆಂಟರಲ್ಲಿ ಗುಲಾಮನೇ ಯಜಮಾನ, ಅವನ ಹಿಂದೆ ಒಂಬತ್ತು, ಎಕ್ಕನಿಗೆ ಮೂರನೇ ಜಾಗ. ಆ ಲೆಕ್ಕ ತಲೆಯಿಂದ ಇಳಿಯೋಕೆ ಒಂದು ವಾರ ಸಾಕು. ಇಳಿಯದೆ ಉಳಿಯೋದು 'ದೊಡ್ಡದನ್ನ ಮೊದಲು ಬಾಚ್ಕೊ' ಅನ್ನುವ ಚಪಲ.

ಲೀಡ್ ಒಪ್ಪಂದ ಮಾಡಿಕೊಳ್ಳುವಾಗ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಎಲೆ ಹಾಕುವವರ ಕುರ್ಚಿಯಲ್ಲಿ ಕೂತು ಯೋಚಿಸುವುದು. 'ನನ್ನ ಕೈಯಲ್ಲಿ ಇಂತಿಂಥದ್ದಿದ್ದರೆ ಏನು ಹಾಕಲಿ?' ಅನ್ನುವುದು ಅರ್ಧ ಪ್ರಶ್ನೆ. ಎದುರಿಗೆ ಕೂತ ಪಾರ್ಟ್ನರಿಗೆ ಒಂದು ಎಲೆ ಕಾಣುತ್ತದೆ, ಮೇಜಿನ ಮೇಲೆ ಬಿಚ್ಚಿಟ್ಟ ಡಮ್ಮಿಯ (ಡಿಕ್ಲೇರರ್, ಅಂದರೆ ಆಟ ನಡೆಸುವ ಎದುರಾಳಿಯ ಜೊತೆಗಾರನ) 13 ಕಾಣುತ್ತವೆ, ತಮ್ಮ 13 ಕಾಣುತ್ತವೆ. ಅಷ್ಟರಲ್ಲಿ ಅವರು ಏನು ತೀರ್ಮಾನಿಸಬೇಕು, ಯಾವ ಎಲೆಯಿಂದ ಉತ್ತರ ಕೊಡಬೇಕು? ಒಪ್ಪಂದ ಆ ಕುರ್ಚಿಯಿಂದ ಶುರುವಾಗಲಿ.

ಶುರು ಮಾಡಲು ಒಂದು ಸುಲಭದ ದಾರಿ: ಇಬ್ಬರೂ ಒಂದೊಂದು ಹಾಳೆಯಲ್ಲಿ ಈ ಹನ್ನೆರಡು ಕೈ ಬರೆದುಕೊಳ್ಳಿ. ಎಕ್ಕ-ರಾಜ-ಚಿಲ್ಲರೆ, ಎಕ್ಕ-ರಾಜ ಎರಡೇ ಎಲೆ, ರಾಜ-ರಾಣಿ-ಚಿಲ್ಲರೆ, ರಾಜ-ಗುಲಾಮ-10, ರಾಣಿ-10-9, ರಾಜ-10-6-3, ರಾಜ-10-6-4-3, 9-7-5-2, 8-5-3, 8-5, ಪಾರ್ಟ್ನರ್ ಬಿಡ್ಡಿಂಗಿನಲ್ಲಿ ಹೇಳಿದ ಸೂಟಿನಲ್ಲಿ (ಸ್ಪೇಡ್, ಹಾರ್ಟಿನಂಥ ಜಾತಿ) ರಾಜ-7-3, ಅದೇ ಸೂಟಿನಲ್ಲಿ 8-5-3. ಪಕ್ಕದಲ್ಲಿ ಎರಡು ಕಾಲಂ, ಒಂದು ತುರುಫೇ ಇಲ್ಲದ ನೋ ಟ್ರಂಪಿಗೆ, ಇನ್ನೊಂದು ತುರುಫು ಇರುವ ಕಾಂಟ್ರ್ಯಾಕ್ಟಿಗೆ (ಬಿಡ್ಡಿಂಗಿನ ಕೊನೆಗೆ ನಿಂತ ಕೂಗು). ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಗುರುತು ಹಾಕಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ಹತ್ತು ವರ್ಷದ ಜೋಡಿಗೂ ಮೂರ್ನಾಲ್ಕು ಕಡೆ ಗುರುತು ಬೇರೆಯಾದರೆ ಆಶ್ಚರ್ಯವಿಲ್ಲ. ಜಗಳ ಆಡೋದಿದ್ದರೆ ಅದೇ ಸರಿಯಾದ ಹೊತ್ತು, ಪಾಯಿಂಟ್ ಹೋಗಲ್ಲ.

ಈಗ ರಾಯರ ರಾಜನ ವಿಷಯ. ಹಳೆಯ ಪದ್ಧತಿಯಲ್ಲಿ ತುರುಫಿನ ಕಾಂಟ್ರ್ಯಾಕ್ಟಿಗೆ ಎಕ್ಕ-ರಾಜ ಇದ್ದರೂ ರಾಜ, ರಾಜ-ರಾಣಿ ಇದ್ದರೂ ರಾಜ. ಎದುರಿನವರಿಗೆ ಇದು ಯಾವಾಗಲೂ ಗೊಂದಲ ಅಂತೇನಿಲ್ಲ. ಅವರ ಕೈಯಲ್ಲೋ ಡಮ್ಮಿಯಲ್ಲೋ ಎಕ್ಕ ಇದ್ದರೆ ರಾಜನ ಜೊತೆ ಇರೋದು ರಾಣಿ. ರಾಣಿ ಕಂಡರೆ ಜೊತೆ ಇರೋದು ಎಕ್ಕ. ಸಿಕ್ಕಿಹಾಕಿಕೊಳ್ಳೋದು ಗುಲಾಮ ಕೈಯಲ್ಲಿದ್ದಾಗ. ಡಮ್ಮಿಯಲ್ಲಿ 7-5-3, ನಿಮ್ಮಲ್ಲಿ ಗುಲಾಮ-8-2 ಅಂದುಕೊಳ್ಳಿ. ಪಾರ್ಟ್ನರ್ ಹತ್ತಿರ ರಾಜ-ರಾಣಿ-9-6 ಇದ್ದರೆ ನೀವು ಹಾಕುವ ಎಲೆಯಿಂದಲೇ 'ಬೇಕು' (ಇದೇ ಸೂಟು ಮುಂದುವರಿಸಿ) ಅನ್ನಲೇಬೇಕು. ಇಲ್ಲದಿದ್ದರೆ ಡಿಕ್ಲೇರರ್ ಎಕ್ಕ-ಗುಲಾಮ ಇಟ್ಟುಕೊಂಡು ಮೊದಲ ಸುತ್ತು ಬಿಟ್ಟುಕೊಟ್ಟಿದ್ದಾನೆ, ಬಾತ್ ಕೂ ಅನ್ನುವ ಈ ತಂತ್ರ ಮಾಡ್ತಿದ್ದಾನೆ ಅಂತ ಹೆದರಿ ಪಾರ್ಟ್ನರ್ ಬೇರೆ ಸೂಟಿಗೆ ಹಾರುತ್ತಾರೆ. ಅದೇ ಅವರ ಹತ್ತಿರ ಎಕ್ಕ-ರಾಜ-9-6 ಇದ್ದು, ನೀವು 'ಬೇಕು' ಅಂದಿರೋ, ಅವರು ಎಕ್ಕನನ್ನೂ ಹೊಡೆದು ಡಿಕ್ಲೇರರ್‌ನ ರಾಣಿ-10-4ರಲ್ಲಿ ರಾಣಿಯನ್ನ ಕೈಯಾರೆ ದೊಡ್ಡದು ಮಾಡಿ ಕೊಡುತ್ತಾರೆ. ಅದೇ ರಾಜ, ಅದೇ ಗುಲಾಮ-8-2, ಉತ್ತರ ಮಾತ್ರ ಒಂದಕ್ಕೊಂದು ಉಲ್ಟಾ.

ಇದಕ್ಕೆ ಮದ್ದು: ತುರುಫಿನ ಕಾಂಟ್ರ್ಯಾಕ್ಟಿಗೆ ಎಕ್ಕ-ರಾಜ ಇದ್ದರೆ ಎಕ್ಕ, ರಾಜ-ರಾಣಿ ಇದ್ದರೆ ರಾಜ. ಇದಕ್ಕೆ ಮೂರು ವಿನಾಯಿತಿ ಬರೆದಿಟ್ಟುಕೊಳ್ಳಿ. ಎಕ್ಕ-ರಾಜ ಎರಡೇ ಎಲೆ ಇದ್ದರೆ ಮೊದಲು ರಾಜ, ಆಮೇಲೆ ಎಕ್ಕ. ಎದುರಿನವರಿಗೆ ಅದರಿಂದಲೇ 'ಮೂರನೇದು ನನ್ನತ್ರ ಇಲ್ಲ, ತುರುಫು ಹೊಡೀತೀನಿ' ಅನ್ನೋದು ಗೊತ್ತಾಗುತ್ತದೆ. ಪಾರ್ಟ್ನರ್ ಬಿಡ್ ಮಾಡಿದ ಸೂಟಿನಲ್ಲಿ ಎಕ್ಕ-ರಾಜ ಇದ್ದರೂ ರಾಜ. ಕಾಂಟ್ರ್ಯಾಕ್ಟ್ 5ರ ಮಟ್ಟ ಅಥವಾ ಮೇಲಿದ್ದರೆ ಎಕ್ಕ ಹಾಕಿದಾಗ ಬೇಕು-ಬೇಡ ಹೇಳಿ, ರಾಜ ಹಾಕಿದಾಗ ಎಣಿಕೆ (ಆ ಸೂಟಿನಲ್ಲಿ ನಿಮ್ಮ ಎಲೆ ಸಮವೋ ಬೆಸವೋ) ಹೇಳಿ. ಅಷ್ಟು ಮೇಲೆ ಹೋದಾಗ ಬೇಕಾಗೋದು ಎರಡನೇ ಸುತ್ತು ನಡೆಯುತ್ತದೋ ಡಿಕ್ಲೇರರ್ ತುರುಫು ಹೊಡೆಯುತ್ತಾನೋ ಅನ್ನುವ ಲೆಕ್ಕ ಒಂದೇ.

ಈ ಮದ್ದಿಗೂ ಪಥ್ಯ ಇದೆ. ರಾಜನಿಲ್ಲದ ಒಂಟಿ ಎಕ್ಕ ಹೊಡೆಯುವ ಅಭ್ಯಾಸ ಬಿಡಬೇಕು. ಎಕ್ಕ ಬಿದ್ದೊಡನೆ ರಾಣಿ-8-2 ಹಿಡಿದ ಎದುರಿನವರು 'ರಾಜ ಅಲ್ಲೇ ಇದ್ದಾನೆ' ಅಂದುಕೊಂಡು 'ಬೇಕು' ಅಂತಾರೆ, ಪಾರ್ಟ್ನರ್ ಪುನಃ ಅದೇ ಸೂಟು ಆಡಿದಾಗ ರಾಜ ಡಿಕ್ಲೇರರ್ ಕೈಯಿಂದ ಹೊರಬರುತ್ತಾನೆ. ಸ್ಲ್ಯಾಮಿನ (12 ಇಲ್ಲವೇ 13 ಟ್ರಿಕ್ಕಿನ ಕೂಗು) ಎದುರು ಕೆಲವೊಮ್ಮೆ ಹೊಡೆಯಲೇಬೇಕಾಗುತ್ತದೆ, ಅದು ಬೇರೆ. ಇನ್ನೊಂದು ಸಣ್ಣ ಮಾತು: ನೀವು ಹಾಕಿದ ಎಕ್ಕದ ಮೇಲೆ ಪಾರ್ಟ್ನರ್ ರಾಣಿ ಇಳಿಸಿದರೆ 'ಗುಲಾಮನೂ ಇದ್ದಾನೆ, ಇಲ್ಲವೇ ನನ್ನದು ಒಂಟಿ ರಾಣಿ, ರಾಜನ ಕೆಳಗಿಂದ ಚಿಲ್ಲರೆ ಆಡಿ' ಎಂದರ್ಥ. ಆದ್ದರಿಂದ ರಾಣಿ-4 ಎರಡೇ ಇದ್ದಾಗ ರಾಣಿ ಎಸೆಯುವಂತಿಲ್ಲ.

ರುಸಿನೋ ಪದ್ಧತಿಯವರು ಇದೇ ಗೊಂದಲವನ್ನ ಬೇರೆ ರೀತಿ ಬಿಡಿಸುತ್ತಾರೆ: ಅಂಟಿಕೊಂಡಿರುವ ಎರಡು ದೊಡ್ಡ ಎಲೆಯಲ್ಲಿ ಎರಡನೆಯದು. ಎಕ್ಕ-ರಾಜದಿಂದ ರಾಜ, ರಾಜ-ರಾಣಿಯಿಂದ ರಾಣಿ, ರಾಣಿ-ಗುಲಾಮದಿಂದ ಗುಲಾಮ. ಒಳ್ಳೆಯದೇ. ಆದರೆ ಪಾರ್ಟ್ನರ್ ಸೂಟಿನಲ್ಲಿ ಇದು ನಡೆಯೋದಿಲ್ಲ, ಅಲ್ಲಿ ಮತ್ತೆ ಮೇಲಿನದೇ. ಈ 'ಅಲ್ಲಿ ಬೇರೆ, ಇಲ್ಲಿ ಬೇರೆ' ನೆನಪಿಟ್ಟುಕೊಳ್ಳುವ ಜೋಡಿಗೆ ಮಾತ್ರ ಸರಿ. ತಿಂಗಳಿಗೆರಡು ಸಲ ಒಟ್ಟಿಗೆ ಕೂರುವವರಿಗೆ ಬೇಡ.

ಚಿಲ್ಲರೆ ಎಲೆಯ ವಿಷಯದಲ್ಲಿ ನೋ ಟ್ರಂಪಿಗೆ ನಾಲ್ಕನೆಯದೇ ಚೆನ್ನ. ಉದ್ದದ ಸೂಟಿನಲ್ಲಿ ಮೇಲಿಂದ ಎಣಿಸಿ ನಾಲ್ಕನೇ ಎಲೆ. ಇದರ ಬೆನ್ನಿಗೇ ಬರುವುದು ಹನ್ನೊಂದರ ಲೆಕ್ಕ: ಬಿದ್ದ ಎಲೆಯನ್ನ 11ರಲ್ಲಿ ಕಳೆದರೆ, ಅದಕ್ಕಿಂತ ದೊಡ್ಡವು ಉಳಿದ ಮೂರು ಕೈಗಳಲ್ಲಿ ಎಷ್ಟಿವೆ ಅನ್ನೋದು ಸಿಗುತ್ತದೆ. ಮಂತ್ರ ಏನೂ ಇಲ್ಲ. ಗುಲಾಮ 11, ರಾಣಿ 12, ರಾಜ 13, ಎಕ್ಕ 14 ಅಂತ ಇಟ್ಟುಕೊಂಡರೆ 6ರ ಮೇಲೆ 14-6, ಅಂದರೆ 8 ಎಲೆ. ಅದರಲ್ಲಿ ಮೂರು ಲೀಡ್ ಮಾಡಿದವರದ್ದು. ಉಳಿದದ್ದು 5.

ಕೈಯಲ್ಲಿ ಹಿಡಿದು ನೋಡೋಣ. ಕಾಂಟ್ರ್ಯಾಕ್ಟ್ 3 ನೋ ಟ್ರಂಪ್, ಪಾರ್ಟ್ನರ್ ಹಾರ್ಟ್ 6 ಹಾಕಿದ್ದಾರೆ. ಡಮ್ಮಿಯಲ್ಲಿ ರಾಜ-7-2, ಅಲ್ಲಿಂದ 2 ಬಿತ್ತು. ನಿಮ್ಮಲ್ಲಿ ಎಕ್ಕ-ಗುಲಾಮ-9. ಆರಕ್ಕಿಂತ ದೊಡ್ಡವು ಡಮ್ಮಿಯಲ್ಲಿ ಎರಡು, ನಿಮ್ಮಲ್ಲಿ ಮೂರು, ಒಟ್ಟು ಐದೂ ಲೆಕ್ಕಕ್ಕೆ ಸಿಕ್ಕವು. ಡಿಕ್ಲೇರರ್ ಹತ್ತಿರ ಆರನ್ನು ಮೀರಿಸುವ ಹಾರ್ಟೇ ಇಲ್ಲ! ಹೆದರದೆ 9 ಹಾಕಿ, ಗೆಲ್ಲುತ್ತದೆ. ಎಕ್ಕ-ಗುಲಾಮ ಇನ್ನೂ ನಿಮ್ಮ ಕೈಯಲ್ಲಿ, ಡಮ್ಮಿಯ ರಾಜನ ಬೆನ್ನ ಹಿಂದೆ. ಈಗ ಬೇರೆ ಸೂಟಿನಿಂದ ಪಾರ್ಟ್ನರ್ ಕೈಗೆ ದಾರಿ ಹುಡುಕಿ, ಅವರು ಮತ್ತೆ ಹಾರ್ಟ್ ಆಡಿದರೆ ರಾಜ ಬಲೆಗೆ ಬಿದ್ದ. 'ಮೂರನೇ ಕೈ ದೊಡ್ಡದು' ಅಂತ ಎಕ್ಕ ಹಾಕಿದ್ದರೆ ರಾಜನಿಗೆ ಒಂದು ಟ್ರಿಕ್ ದಾನ.

ಅದೇ 6 ಮಡ್ ಪದ್ಧತಿಯದಾಗಿದ್ದರೆ? 8-6-3ರಂಥ ಮೂರು ಚಿಲ್ಲರೆಯಲ್ಲಿ ಮೊದಲು ನಡುವಿನದು, ಆಮೇಲೆ ಮೇಲಿನದು, ಕೊನೆಗೆ ಕೆಳಗಿನದು ಹಾಕುವುದು ಮಡ್. ಆಗ ಡಿಕ್ಲೇರರ್‌ನಲ್ಲಿ ರಾಣಿ-10-5-4, ನಿಮ್ಮ 9ರ ಮೇಲೆ 10 ಹಾಕಿ ನಗುತ್ತಾನೆ. ಆದ್ದರಿಂದಲೇ ನೋ ಟ್ರಂಪಿಗೆ ನಾಲ್ಕನೆಯದನ್ನು ಒಪ್ಪಿಕೊಂಡ ಜೋಡಿ ಮೂರು ಚಿಲ್ಲರೆಯಿಂದ ಮೇಲಿನದನ್ನೇ ಹಾಕಬೇಕು. ಇಲ್ಲಿ 8 ಬಿದ್ದಿತ್ತು ಅನ್ನಿ. 11-8, ಮೂರು. ನಿಮಗೆ ಕಾಣುವಂತೆ ಎಂಟಕ್ಕಿಂತ ದೊಡ್ಡವು ಎಕ್ಕ, ರಾಜ, ಗುಲಾಮ, 9, ಅಂದರೆ ನಾಲ್ಕು. ಲೆಕ್ಕ ಕೂಡಲಿಲ್ಲ, ಆದ್ದರಿಂದ ಇದು ನಾಲ್ಕನೆಯದಲ್ಲ, ಪಾರ್ಟ್ನರ್ ಹತ್ತಿರ ಏನೂ ಇಲ್ಲ. ಲೆಕ್ಕ ಕೂಡದಿರುವುದೂ ಒಂದು ಸುದ್ದಿಯೇ. ಹಾಗೆಯೇ 9-7-5-2ರಂಥ ನಾಲ್ಕು ಚಿಲ್ಲರೆಯಿಂದ ಎರಡನೆಯದು, 7.

ತುರುಫಿನ ಕಾಂಟ್ರ್ಯಾಕ್ಟಿಗೆ ನಾಲ್ಕನೆಯದು ಅಷ್ಟು ಹೊಂದುವುದಿಲ್ಲ. ಅಲ್ಲಿ ಎದುರಿನವರಿಗೆ ಬೇಕಾದದ್ದು ಡಿಕ್ಲೇರರ್ ಕೈಯಲ್ಲಿ ಆ ಸೂಟು ಎಷ್ಟಿದೆ ಎನ್ನುವುದು. ರಾಜ-6-3 ಮೂರರಿಂದಲೂ 3, ರಾಜ-10-6-3 ನಾಲ್ಕರಿಂದಲೂ 3 ಬಂದರೆ ಒಂದು ಎಲೆಯ ವ್ಯತ್ಯಾಸ ಹೇಗೆ ಗೊತ್ತಾಗಬೇಕು? ಆ ಒಂದರಲ್ಲೇ ಎರಡನೇ ಟ್ರಿಕ್ ಸಿಗೋದೂ ಇದೆ, ತುರುಫು ಹೊಡೆಸಿಕೊಳ್ಳೋದೂ ಇದೆ. ಹಾಗಾಗಿ ಮೂರು-ಐದು ಪದ್ಧತಿ: ನಾಲ್ಕು ಎಲೆಯಿಂದ ಮೂರನೆಯದು (ರಾಜ-10-6-3ರಿಂದ 6), ಮೂರರಿಂದಾಗಲಿ ಐದರಿಂದಾಗಲಿ ಕಟ್ಟಕಡೆಯದು. ಮೂರಕ್ಕೂ ಐದಕ್ಕೂ ಎರಡು ಎಲೆ ಅಂತರ ಇರುವುದರಿಂದ ಬಿಡ್ಡಿಂಗ್ ನೋಡಿಯೇ ಯಾವುದೆಂದು ಹೇಳಬಹುದು. ಹನ್ನೊಂದರ ಲೆಕ್ಕ ಇಲ್ಲಿ ಮೂರನೆಯದಕ್ಕೆ 12, ಐದನೆಯದಕ್ಕೆ 10 ಆಗುತ್ತದೆ. ನಷ್ಟವೂ ಉಂಟು: ರಾಜ-10-8-3ರಿಂದ ಎಂಟನ್ನು ಕಳೆದುಕೊಂಡರೆ ಮೂರನೇ ಸುತ್ತಿನಲ್ಲಿ ಆ ಎಂಟೇ ಬೇಕಾಗುತ್ತಿತ್ತು ಎನಿಸುವ ದಿನ ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಲು ತಯಾರಿಲ್ಲದವರು ಎಲ್ಲಕ್ಕೂ ನಾಲ್ಕನೆಯದೇ ಇಟ್ಟುಕೊಳ್ಳಿ, ತಪ್ಪಿಲ್ಲ. ಒಬ್ಬರು ಅದು, ಒಬ್ಬರು ಇದು ಮಾತ್ರ ಬೇಡ.

ಪಾರ್ಟ್ನರ್ ಹೇಳಿದ ಸೂಟಿನಲ್ಲಿ 'ದೊಡ್ಡದನ್ನೇ ಹಾಕು' ಅನ್ನೋದು ಕಟ್ಟೆ ಮೇಲೆ ಹುಟ್ಟಿದ ನಿಯಮ. ನೋ ಟ್ರಂಪಿನಲ್ಲಿ ಪಾರ್ಟ್ನರ್ ಎಕ್ಕ-ಗುಲಾಮ-10-8-4, ನೀವು ರಾಜ-7-3, ಡಿಕ್ಲೇರರ್ ರಾಣಿ-9-2, ಡಮ್ಮಿ 6-5. ನೀವು ರಾಜ ಹೊಡೆದರೆ ಡಿಕ್ಲೇರರ್‌ನ ರಾಣಿಗೆ ಒಂದು ಟ್ರಿಕ್ ಖಾಯಂ. ಮೂರು ಹಾಕಿ: ಪಾರ್ಟ್ನರ್ ಎಕ್ಕದಲ್ಲಿ ಗೆದ್ದು ಗುಲಾಮ ತಿರುಗಿಸುತ್ತಾರೆ, ರಾಣಿ ಮೇಲೆ ಬಂದರೆ ನಿಮ್ಮ ರಾಜ ಅವಳ ಹಿಂದೆಯೇ ಕೂತಿದ್ದಾನೆ. ದೊಡ್ಡ ಎಲೆ ಇರುವ ಮೂರರಿಂದ ಚಿಕ್ಕದು, ಎರಡೇ ಇದ್ದರೆ ದೊಡ್ಡದು. ಮೂರೂ ಚಿಲ್ಲರೆಯಾದರೆ, ನೀವು ಆ ಸೂಟನ್ನು ಬಿಡ್ಡಿಂಗಿನಲ್ಲಿ ಏರಿಸಿದ್ದರೆ ಮೇಲಿನದು (ಮೂರಿದೆ ಎಂದು ಅವರಿಗೆ ಮೊದಲೇ ಗೊತ್ತು, ಈಗ ದೊಡ್ಡದಿಲ್ಲ ಎಂದು ಗೊತ್ತಾಗಲಿ), ಏರಿಸಿಲ್ಲದಿದ್ದರೆ ಕೆಳಗಿನದು.

ನೋ ಟ್ರಂಪಿನ ರಾಜನಿಗೆ ಬೇರೆಯದೇ ಕೆಲಸ ಕೊಡಿ. ಎಕ್ಕ-ರಾಜ-ಗುಲಾಮ-10-5, ರಾಜ-ರಾಣಿ-10-9-4ರಂಥ ಗಟ್ಟಿ ಸೂಟಿನಿಂದ ಮಾತ್ರ ರಾಜ; ಎದುರಿನವರು ದೊಡ್ಡ ಎಲೆ ಇದ್ದರೆ ತಕ್ಷಣ ಇಳಿಸಬೇಕು, ಇಲ್ಲದಿದ್ದರೆ ಎಣಿಕೆ ಹೇಳಬೇಕು. ನಿಮ್ಮಲ್ಲಿ ರಾಣಿ-6-4 ಇದೆ, ಡಮ್ಮಿಯಲ್ಲಿ 8-7-3. ರಾಣಿಯನ್ನು ಉಳಿಸಿಕೊಂಡಿರೋ, ರಾಜ, ಎಕ್ಕ ಆದಮೇಲೆ ಮೂರನೇ ಸುತ್ತು ನಿಮ್ಮ ರಾಣಿಯೇ ಗೆದ್ದು ನಿಲ್ಲುತ್ತಾಳೆ. ಪಾರ್ಟ್ನರ್ ಕೈಯಲ್ಲಿ ಇನ್ನೆರಡು ಗೆಲ್ಲುವ ಎಲೆ, ಅಲ್ಲಿಗೆ ಹೋಗಲು ದಾರಿ ಇಲ್ಲ. ಮೊದಲ ಸುತ್ತಿಗೇ ರಾಣಿ ಎಸೆದರೆ ಐದಕ್ಕೆ ಐದು. ಇನ್ನು ಸಾಧಾರಣ ಎಕ್ಕ-ರಾಜ-6-3ರಿಂದ ಎಕ್ಕ, ರಾಜ-ರಾಣಿ-10ರಿಂದ ರಾಣಿ. ಅವಕ್ಕೆ ಉತ್ತರ ಬೇಕು-ಬೇಡ.

ಉತ್ತರದ ಭಾಷೆಯನ್ನೂ ಅದೇ ಹಾಳೆಯ ಹಿಂಬದಿಗೆ ಬರೆಯಿರಿ. ಹಳೇ ಪದ್ಧತಿಯಲ್ಲಿ ದೊಡ್ಡ ಚಿಲ್ಲರೆ ಅಂದರೆ ಬೇಕು, ಚಿಕ್ಕದು ಬೇಡ. ಎಣಿಕೆಗೆ ದೊಡ್ಡದು-ಚಿಕ್ಕದು ಹಾಕಿದರೆ ಸಮ, ಚಿಕ್ಕದು-ದೊಡ್ಡದು ಬೆಸ. ಅಪ್‌ಸೈಡ್ ಡೌನ್ ಅಂದರೆ ಇದೆಲ್ಲ ತಲೆಕೆಳಗು. ಅದರ ಲಾಭ ಸರಳ: ರಾಜ-9-2 ಹಿಡಿದು 'ಬೇಕು' ಅನ್ನಲು ಒಂಬತ್ತನ್ನು ಕಳೆದುಕೊಳ್ಳಬೇಕಾಗಿಲ್ಲ, ಎರಡು ಸಾಕು. ಯಾವುದು ಆಯ್ದರೂ ಮೂರು ಸಂಕೇತಗಳ ಸರದಿ ಮುಖ್ಯ. ಪಾರ್ಟ್ನರ್ ಲೀಡಿಗೆ ಮೊದಲು ಬೇಕು-ಬೇಡ. ಡಮ್ಮಿಯ ಎಲೆಯೇ ಗೆದ್ದು ಬೇಕು-ಬೇಡಕ್ಕೆ ಅರ್ಥವಿಲ್ಲದಾದಾಗ ಎಣಿಕೆ. ತುರುಫಿನ ಕಾಂಟ್ರ್ಯಾಕ್ಟಿನಲ್ಲಿ ಡಮ್ಮಿಗೆ ಆ ಸೂಟು ಒಂದೇ ಇದ್ದಾಗ, ಇಲ್ಲವೇ ಪಾರ್ಟ್ನರ್‌ಗೆ ತುರುಫು ಹೊಡೆಯಲು ಎಲೆ ಕೊಡುವಾಗ, ಮುಂದೆ ಯಾವ ಸೂಟಿಗೆ ಹೋಗಲಿ ಅನ್ನುವ ಸಂಕೇತ: ದೊಡ್ಡದಾದರೆ ಉಳಿದ ಎರಡರಲ್ಲಿ ಮೇಲಿನ ಸೂಟು, ಚಿಕ್ಕದಾದರೆ ಕೆಳಗಿನದು. ಇದಕ್ಕೆ ಒಂದು ಕಡೆ ಲ್ಯಾವಿಂಥಾಲ್, ಇನ್ನೊಂದು ಕಡೆ ಮೆಕೆನ್ನಿ ಅಂತ ಹೆಸರು. ಎರಡೂ ಒಂದೇ, ಹೊಸ ಪಾರ್ಟ್ನರ್ ಹೆಸರು ಹೇಳಿದರೆ ಗಾಬರಿಯಾಗಬೇಡಿ.

ಡಬಲ್‌ಗಳ (ಎದುರಾಳಿಯ ಕೂಗು ಈಡೇರದು ಎಂದು ಪಣ ಏರಿಸುವುದು) ಬಗ್ಗೆ ಎರಡೇ ಸಾಲು. ಏನನ್ನೂ ಬಿಡ್ ಮಾಡದ ಪಾರ್ಟ್ನರ್ 3 ನೋ ಟ್ರಂಪಿಗೆ ಡಬಲ್ ಅಂದರೆ ಡಮ್ಮಿ ಮೊದಲು ಹೇಳಿದ ಸೂಟು ಆಡಿ. ಎದುರಾಳಿಗಳು ತಾವಾಗಿಯೇ ಏರಿದ ಸ್ಲ್ಯಾಮಿಗೆ ಪಾರ್ಟ್ನರ್ ಡಬಲ್ ಅಂದರೆ ಅದು ಲೈಟ್ನರ್: ತುರುಫು ಬೇಡ, ಮಾಮೂಲಿ ಲೀಡ್ ಬೇಡ, ಪಾರ್ಟ್ನರ್ ಕೈಯಲ್ಲಿ ಯಾವ ಸೂಟು ಖಾಲಿ ಇರಬಹುದೆಂದು ಯೋಚಿಸಿ.

ಬೆಂಗಳೂರಿಗೆ ಪೇರ್ಸ್ (ಜೋಡಿಗಳ ಸ್ಪರ್ಧೆ) ಆಡಲು ಹೋಗುವವರಿಗೆ ನಿಯಮದ ಮಾತು. ಅವೇ ಕೈಗಳನ್ನು ಎಲ್ಲ ಜೋಡಿಗಳಿಗೂ ಆಡಿಸುವ ಡೂಪ್ಲಿಕೇಟ್ ಬ್ರಿಜ್‌ನಲ್ಲಿ ಮೊದಲ ಎಲೆಯನ್ನು ಬೋರಲು ಇಡಬೇಕು. ಊರಲ್ಲಿ ಪಟ್ಟಂತ ಎದುರಿಗೇ ಬಡಿಯುವ ಅಭ್ಯಾಸ ಇದ್ದವರಿಗೆ ಇದು ಕಿರಿಕಿರಿ, ಆದರೆ ಕಾಪಾಡುವುದೂ ಇದೇ. ನಿಮ್ಮ ಸರದಿಯಲ್ಲದೆ ಎಲೆ ಬೋರಲಾಗಿ ಇಟ್ಟಿದ್ದರೆ ಡೈರೆಕ್ಟರ್ ಹೇಳಿ ವಾಪಸ್ ತೆಗೆಸುತ್ತಾರೆ. ಮುಖ ಮೇಲೆ ಮಾಡಿ ಹಾಕಿದ್ದರೆ ಡಿಕ್ಲೇರರ್ ಕೈಗೆ ಐದು ಆಯ್ಕೆ ಕೊಟ್ಟ ಹಾಗೆ, ಅದರಲ್ಲಿ ಒಂದೂ ನಿಮಗೆ ಹಿತವಲ್ಲ. ನಿಮ್ಮ ಲೀಡ್ ಒಪ್ಪಂದ ಗುಟ್ಟಾಗಿರುವಂತಿಲ್ಲ. ಎದುರಾಳಿ ಕೇಳಿದರೆ ಲೀಡ್ ಮಾಡಿದವರ ಪಾರ್ಟ್ನರ್ ಹೇಳಬೇಕು, ಅದೂ 'ಅವರ ಹತ್ರ ರಾಣಿ ಇರಬಹುದು' ಅಂತಲ್ಲ, 'ರಾಜ ಹಾಕಿದರೆ ರಾಜ-ರಾಣಿ, ನಮ್ಮ ಒಪ್ಪಂದ' ಅಂತ. ಒಪ್ಪಂದಗಳನ್ನು ಬರೆದ ನಿಮ್ಮದೇ ಕಾರ್ಡನ್ನು ಆಟದ ನಡುವೆ ತೆಗೆದು ನೋಡುವಂತಿಲ್ಲ, ಆದ್ದರಿಂದ ಬಾಯಿಪಾಠವೇ ಗತಿ.

ಬಾಯಿಪಾಠಕ್ಕೆ ತುಮಕೂರು-ಯಶವಂತಪುರ ರೈಲಿಗಿಂತ ಒಳ್ಳೆ ಜಾಗ ಇಲ್ಲ. ಇಬ್ಬರು, ಒಂದು ಪ್ಯಾಕ್, ಮಧ್ಯೆ ಒಂದು ಬ್ಯಾಗು. (ಇಸ್ಪೀಟು ಕಂಡು ಪಕ್ಕದವರು ಹುಬ್ಬೇರಿಸಿದರೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಬ್ರಿಜ್ ಪೇರ್ಸ್‌ನಲ್ಲಿ ಭಾರತಕ್ಕೆ ಚಿನ್ನ ತಂದದ್ದನ್ನು ಹೇಳಿ.) ನಾಲ್ಕು ಕೈ ಹಂಚಿ. ಒಂದು ಡಿಕ್ಲೇರರ್ ಕೈ, ಅದು ಮುಟ್ಟದೆ ಬೋರಲು ಇರಲಿ. ಒಂದು ಕಾಂಟ್ರ್ಯಾಕ್ಟ್ ಹೇಳಿಕೊಳ್ಳಿ, ಒಂದು ಸಲ 3 ನೋ ಟ್ರಂಪ್, ಮುಂದಿನ ಸಲ 4 ಸ್ಪೇಡ್. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿ, ಲೀಡ್ ಮಾಡುವವರ ಕೈಯಲ್ಲೇ 13ಕ್ಕಿಂತ ಹೆಚ್ಚು ಬಂದರೆ ಆ ಹಂಚಿಕೆ ಬಿಟ್ಟುಬಿಡಿ, ಅಷ್ಟಿದ್ದವರ ಎದುರು ಗೇಮ್ ಹೇಳುವವರು ಕಡಿಮೆ. ಎಲೆ ಬಿದ್ದ ಮೇಲೆ ಡಮ್ಮಿ ಬಿಚ್ಚಿ. ಮೂರನೇ ಕೈಯವರು ಎಲೆ ಮುಟ್ಟುವ ಮೊದಲು ಬಾಯಿಬಿಟ್ಟು ಹೇಳಬೇಕು: ಪಾರ್ಟ್ನರ್ ಹತ್ತಿರ ಈ ಸೂಟಿನಲ್ಲಿ ಏನೇನು ಇರಬಹುದು, ಡಿಕ್ಲೇರರ್ ಹತ್ತಿರ ಎಷ್ಟು, ತಾವು ಹಾಕುವುದು ಯಾವುದು. ಆಮೇಲೆ ಲೀಡ್ ಮಾಡಿದವರು ಆ ಸೂಟನ್ನಷ್ಟೇ ತೆರೆದು ತೋರಿಸಲಿ. ಪೂರ್ತಿ ಆಡಲು ಹೋಗಬೇಡಿ, ಸಮಯ ಹಾಳು. ಒಂದು ಹಂಚಿಕೆಗೆ ನಾಲ್ಕೈದು ನಿಮಿಷ ಇಟ್ಟುಕೊಂಡರೂ ಯಶವಂತಪುರ ಬರುವುದರೊಳಗೆ ಹನ್ನೆರಡು ಮುಗಿಯುತ್ತವೆ. ಊಹೆ ತಪ್ಪಿದ ಕೈಯನ್ನು ಆ ಹಾಳೆಯ ಕೊನೆಗೆ ಬರೆದುಕೊಳ್ಳಿ, ಯಾರ ತಪ್ಪು ಅಂತ ಬರೆಯಬೇಡಿ. ಒಂದೇ ಥರದ ಕೈ ಮೂರು ಸಲ ಬಂದರೆ ಅಲ್ಲಿ ಒಪ್ಪಂದವೇ ಇಲ್ಲ ಎಂದು ತಿಳಿದು, ವಾಪಸ್ ಬರುವ ರೈಲಿನಲ್ಲಿ ಕ್ಯಾತ್ಸಂದ್ರ ಬರುವುದರೊಳಗೆ ಅದೊಂದನ್ನು ಇತ್ಯರ್ಥ ಮಾಡಿಕೊಳ್ಳಿ.